ಪಾಸ್‌ವರ್ಡ್ ಬದಲಿಸಿದರೂ ಹೋಗದ ಕಳ್ಳ

ಕಂಪನಿಯ ಒಳಜಾಲಕ್ಕೆ ಯಾರೋ ನುಗ್ಗಿದ್ದಾರೆ ಎಂದು ಗೊತ್ತಾದ ಕೂಡಲೇ ಐಟಿ ವಿಭಾಗದವರು ಮಾಡುವ ಮೊದಲ ಕೆಲಸ ಎಲ್ಲರ ಪಾಸ್‌ವರ್ಡ್ ಬದಲಿಸುವುದು. ರಾತ್ರೋರಾತ್ರಿ ಎಲ್ಲರಿಗೂ ಮೇಲ್ ಹೋಗುತ್ತದೆ. ಬೆಳಿಗ್ಗೆ ಲಾಗಿನ್ ಆಗದವರೆಲ್ಲ ಹೆಲ್ಪ್‌ಡೆಸ್ಕ್‌ಗೆ ಮುತ್ತಿಗೆ ಹಾಕುತ್ತಾರೆ. ಸಂಜೆಯ ಹೊತ್ತಿಗೆ ಗಲಾಟೆ ತಣ್ಣಗಾಗಿ, ಸದ್ಯ ಬಚಾವಾದೆವು ಎಂದು ಮ್ಯಾನೇಜರು ನಿಟ್ಟುಸಿರು ಬಿಡುತ್ತಾರೆ. ಕಳ್ಳ ಕದ್ದದ್ದು ಬರೀ ಪಾಸ್‌ವರ್ಡ್ ಆಗಿದ್ದರೆ ಅಷ್ಟು ಸಾಕು. ಆದರೆ ಈ ಗಡಿಬಿಡಿಗೆ ಮುಂಚೆಯೇ ಅವನು ಒಂದು ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದರೆ ಪಾಸ್‌ವರ್ಡ್ ಬದಲಾದದ್ದು ಅವನಿಗೆ ತಟ್ಟುವುದೇ ಇಲ್ಲ. ಆ ಸರ್ಟಿಫಿಕೇಟ್ ನಕಲಿಯಲ್ಲ, ಕಂಪನಿಯ ಸ್ವಂತ ಸರ್ವರ್ ಸಹಿ ಹಾಕಿ ಕೊಟ್ಟದ್ದು. ಸಾಮಾನ್ಯವಾಗಿ ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಆ ಒಂದು ವರ್ಷದಲ್ಲಿ ನೀವು ಪಾಸ್‌ವರ್ಡನ್ನು ಎಷ್ಟು ಸಲ ಬದಲಿಸಿದರೂ ಅವನು ಬಂದು ಹೋಗುತ್ತಲೇ ಇರಬಹುದು.

2021ರ ಜೂನ್‌ನಲ್ಲಿ ಅಮೆರಿಕದ ಸ್ಪೆಕ್ಟರ್‌ಆಪ್ಸ್ ಸಂಸ್ಥೆಯ ವಿಲ್ ಶ್ರೋಡರ್ ಮತ್ತು ಲೀ ಕ್ರಿಸ್ಟೆನ್ಸೆನ್ ಸುಮಾರು 140 ಪುಟಗಳ ಪ್ರಬಂಧವೊಂದನ್ನು ಹೊರತಂದರು. ‘ಸರ್ಟಿಫೈಡ್ ಪ್ರೀ-ಓನ್ಡ್’ ಎಂಬುದು ಅದರ ಹೆಸರು. ದೊಡ್ಡ ಕಂಪನಿಗಳ ಒಳಜಾಲದ ಭದ್ರತೆಯನ್ನು ಪರೀಕ್ಷಿಸುವವರ ಕಸುಬು ಆ ಪ್ರಬಂಧದ ನಂತರ ಮೊದಲಿನಂತೆ ಉಳಿಯಲಿಲ್ಲ. ಸ್ವಾರಸ್ಯವೆಂದರೆ ಅವರು ಬಯಲಿಗೆಳೆದ ಬಹುಪಾಲು ದಾರಿಗಳು ಸಾಫ್ಟ್‌ವೇರ್‌ನ ದೋಷಗಳೇ ಅಲ್ಲ. ಸಾಫ್ಟ್‌ವೇರ್ ತಾನು ಮಾಡಬೇಕಾದ್ದನ್ನೇ ಚಾಚೂ ತಪ್ಪದೆ ಮಾಡುತ್ತಿತ್ತು. ತಪ್ಪು ಇದ್ದದ್ದು ಯಾರೋ ಎಂದೋ ಹಾಕಿಟ್ಟ ಟಿಕ್ ಗುರುತುಗಳಲ್ಲಿ.

ಇದು ಅರ್ಥವಾಗಬೇಕಾದರೆ ಕಚೇರಿಯ ಲಾಗಿನ್ ಹೇಗೆ ನಡೆಯುತ್ತದೆಂದು ಸ್ವಲ್ಪ ತಿಳಿದಿರಬೇಕು. ನೀವು ಬೆಳಿಗ್ಗೆ ಹೆಸರು, ಪಾಸ್‌ವರ್ಡ್ ಒತ್ತಿದಾಗ ನಿಮ್ಮನ್ನು ಗುರುತಿಸುವುದು ಎದುರಿಗಿರುವ ಲ್ಯಾಪ್‌ಟಾಪ್ ಅಲ್ಲ. ಡೊಮೇನ್ ಕಂಟ್ರೋಲರ್ ಎಂಬ ಸರ್ವರ್ ಬೇರೆಲ್ಲೋ ಇರುತ್ತದೆ. ಅದರಲ್ಲಿರುವ ಆಕ್ಟಿವ್ ಡೈರೆಕ್ಟರಿಯಲ್ಲಿ ಕಂಪನಿಯ ಪ್ರತಿಯೊಬ್ಬ ನೌಕರನ, ಪ್ರತಿಯೊಂದು ಕಂಪ್ಯೂಟರಿನ ಖಾತೆ ಇರುತ್ತದೆ. ಯಾರು ಯಾವ ಫೈಲ್ ತೆರೆಯಬಹುದು, ಯಾರು ಯಾವ ಸರ್ವರ್‌ಗೆ ಕೈ ಹಾಕಬಹುದು ಎಂಬುದೆಲ್ಲ ಅಲ್ಲಿಯೇ ತೀರ್ಮಾನ. 2000ನೇ ಇಸವಿಯಲ್ಲಿ ವಿಂಡೋಸ್ 2000 ಜೊತೆ ಬಂದ ಈ ವ್ಯವಸ್ಥೆ ಇಂದಿಗೂ ಜಗತ್ತಿನ ದೊಡ್ಡ ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಆಳುತ್ತಿದೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳಲ್ಲಿ ಲಾಗಿನ್ ಆಗುವವರಲ್ಲೂ ದೊಡ್ಡ ಪಾಲು ಇದರ ಮೂಲಕವೇ ಒಳಗೆ ಹೋಗುವವರು.

ಗುರುತಿಸುವ ಕ್ರಮಕ್ಕೆ ಕರ್ಬರಾಸ್ ಎಂದು ಹೆಸರು. ಅಮೆರಿಕದ ಎಂಐಟಿಯಲ್ಲಿ 1980ರ ದಶಕದಲ್ಲಿ ಅಥೀನಾ ಯೋಜನೆಯಡಿ ಹುಟ್ಟಿದ್ದು. ನಿಮ್ಮ ಪಾಸ್‌ವರ್ಡ್ ಜಾಲದಲ್ಲಿ ಓಡಾಡುವುದಿಲ್ಲ. ಅದು ನಿಮಗೆ ಗೊತ್ತಿದೆ ಎಂಬುದಕ್ಕೆ ಗಣಿತದ ಪುರಾವೆಯೊಂದು ಹೋಗುತ್ತದೆ, ಬದಲಿಗೆ ಒಂದು ಟಿಕೆಟ್ ಬರುತ್ತದೆ. ದಿನವಿಡೀ ಆ ಟಿಕೆಟ್ ತೋರಿಸಿ ಕೆಲಸ ಮಾಡುತ್ತೀರಿ. ಪಾಸ್‌ವರ್ಡಿನ ಬದಲು ಡಿಜಿಟಲ್ ಸರ್ಟಿಫಿಕೇಟ್ ತೋರಿಸಿಯೂ ಈ ಟಿಕೆಟ್ ಪಡೆಯಬಹುದು. ಸ್ಮಾರ್ಟ್ ಕಾರ್ಡ್ ಇಟ್ಟುಕೊಂಡವರಿಗಾಗಿ ಮಾಡಿದ ಏರ್ಪಾಡು ಅದು. ಪಿಕೆಇನಿಟ್ ಎಂಬ ಈ ಪದ್ಧತಿ 2006ರಲ್ಲಿ ಅಧಿಕೃತ ಮಾನದಂಡವಾಯಿತು. ಪಾಸ್‌ವರ್ಡಿಗಿಂತ ಸರ್ಟಿಫಿಕೇಟ್ ಗಟ್ಟಿ ಎಂಬ ಮಾತಿನಲ್ಲಿ ಸುಳ್ಳಿಲ್ಲ. ಅದನ್ನು ಊಹಿಸಲಾಗದು, ಫೋನ್ ಮಾಡಿ ಬಾಯಿಬಿಡಿಸಲಾಗದು. ಆದರೆ ಅದನ್ನು ಯಾರು ಕೊಡುತ್ತಾರೆ, ಯಾರಿಗೆ ಕೊಡುತ್ತಾರೆ, ಏನು ವಿಚಾರಿಸಿ ಕೊಡುತ್ತಾರೆ ಎಂಬ ಪ್ರಶ್ನೆಗಳನ್ನು ಇಪ್ಪತ್ತು ವರ್ಷ ಹೆಚ್ಚು ಜನ ಕೇಳಲಿಲ್ಲ.

ಕೊಡುವುದು ಸರ್ಟಿಫಿಕೇಟ್ ಅಥಾರಿಟಿ ಎಂಬ ಇನ್ನೊಂದು ಸರ್ವರ್. ವೈಫೈ, ವಿಪಿಎನ್, ಒಳಗಿನ ವೆಬ್‌ಸೈಟ್, ಫೈಲ್ ಎನ್‌ಕ್ರಿಪ್ಶನ್ ಎಲ್ಲಕ್ಕೂ ಸರ್ಟಿಫಿಕೇಟ್ ಬೇಕಾಗುವುದರಿಂದ ಕಂಪನಿಗಳು ಇದನ್ನು ಒಂದು ಸಲ ಸ್ಥಾಪಿಸಿ ಮರೆತುಬಿಡುತ್ತವೆ. ಸ್ಥಾಪಿಸಿದಾತ ಕೆಲಸ ಬಿಟ್ಟು ಹೋಗಿರುತ್ತಾನೆ. ನಂತರ ಬಂದವರು ‘ನಡೀತಾ ಇದೆಯಲ್ಲ, ಮುಟ್ಟಬೇಡ’ ಎನ್ನುತ್ತಾರೆ. ಡೊಮೇನ್ ಕಂಟ್ರೋಲರ್‌ಗೆ ಸಿಗುವ ಕಾವಲಿನಲ್ಲಿ ಕಾಲುಭಾಗವೂ ಇದಕ್ಕೆ ಸಿಗುವುದಿಲ್ಲ. ಅಧಿಕಾರದಲ್ಲಿ ಮಾತ್ರ ಇದು ಅದಕ್ಕೆ ಸರಿಸಮ, ಏಕೆಂದರೆ ಇದು ಸಹಿ ಹಾಕಿದ್ದನ್ನು ಅದು ನಂಬುತ್ತದೆ.

ಯಾವ ಬಗೆಯ ಸರ್ಟಿಫಿಕೇಟನ್ನು ಯಾರಿಗೆ, ಯಾವ ಷರತ್ತಿನ ಮೇಲೆ ಕೊಡಬೇಕೆಂಬುದನ್ನು ಟೆಂಪ್ಲೇಟ್‌ಗಳು ಹೇಳುತ್ತವೆ. ಎಲ್ಲ ಎಡವಟ್ಟಿನ ಮೂಲ ಇಲ್ಲಿದೆ. ಟೆಂಪ್ಲೇಟ್‌ನ ಒಂದು ಪುಟದಲ್ಲಿ ಎರಡು ಆಯ್ಕೆಗಳಿವೆ. ಸರ್ಟಿಫಿಕೇಟ್‌ನಲ್ಲಿ ಬರುವ ಹೆಸರನ್ನು ಡೈರೆಕ್ಟರಿಯಿಂದ ತೆಗೆದುಕೊಳ್ಳಬೇಕೆ, ಇಲ್ಲವೇ ಅರ್ಜಿದಾರನೇ ಬರೆದುಕೊಡಬಹುದೆ? ಎರಡನೆಯದಕ್ಕೆ ಟಿಕ್ ಹಾಕಿದ್ದರೆ, ಅರ್ಜಿ ಹಾಕುವ ಹಕ್ಕು ಎಲ್ಲ ನೌಕರರಿಗೂ ಇದ್ದರೆ, ಮೇಲಧಿಕಾರಿಯ ಒಪ್ಪಿಗೆ ಬೇಡವೆಂದಿದ್ದರೆ, ಆ ಸರ್ಟಿಫಿಕೇಟ್‌ನಿಂದ ಲಾಗಿನ್ ಆಗಬಹುದೆಂದಿದ್ದರೆ ಕಥೆ ಮುಗಿಯಿತು. ಇದು ತಾಲ್ಲೂಕು ಕಚೇರಿಗೆ ಯಾರೋ ಹೋಗಿ, ಅರ್ಜಿಯಲ್ಲಿ ಹೆಸರಿನ ಜಾಗದಲ್ಲಿ ‘ತಹಶೀಲ್ದಾರ್’ ಎಂದು ಬರೆದುಕೊಟ್ಟರೆ, ಗುಮಾಸ್ತ ಮುಖವನ್ನೂ ನೋಡದೆ ‘ಇವರೇ ತಹಶೀಲ್ದಾರ್’ ಎಂದು ಸೀಲು ಒತ್ತಿ ಕೊಟ್ಟ ಹಾಗೆ. ಸೀಲು ಅಸಲಿ, ಸಹಿ ಅಸಲಿ, ಕಾಗದವೂ ಅಸಲಿ. ಡೊಮೇನ್ ಕಂಟ್ರೋಲರ್ ಅದನ್ನು ನೋಡಿ, ಬಂದಾತ ಡೊಮೇನ್ ಅಡ್ಮಿನ್, ಅಂದರೆ ಇಡೀ ಜಾಲದ ನಿರ್ವಾಹಕ, ಎಂದೇ ನಂಬಿ ಟಿಕೆಟ್ ಕೊಡುತ್ತದೆ. ನಿನ್ನೆ ಸೇರಿದ ಟ್ರೇನಿಯ ಖಾತೆಯೊಂದು ಕೈಲಿದ್ದರೆ ಸಾಕು, ಕೆಲವೇ ನಿಮಿಷಗಳಲ್ಲಿ ಇಡೀ ಜಾಲದ ಯಜಮಾನನಾಗಬಹುದು. ಶ್ರೋಡರ್ ಮತ್ತು ಕ್ರಿಸ್ಟೆನ್ಸೆನ್ ಇದಕ್ಕೆ ಇಎಸ್‌ಸಿ1 ಎಂದು ಹೆಸರಿಟ್ಟರು. ಪೆನ್‌ಟೆಸ್ಟ್, ಅಂದರೆ ಜಾಲದ ಭದ್ರತಾ ಪರೀಕ್ಷೆ, ಮಾಡುವವರ ಬಾಯಲ್ಲಿ ಅದು ಈಗ ಮನೆಮಾತು.

ಇಂಥ ಟಿಕ್ ಯಾಕೆ ಬೀಳುತ್ತದೆ? ಬೇಜವಾಬ್ದಾರಿ ಎಂದು ಸುಲಭವಾಗಿ ಹೇಳಿಬಿಡಬಹುದು, ಆದರೆ ಅಷ್ಟೇ ಅಲ್ಲ. ವೆಬ್ ಸರ್ವರ್‌ಗೆ ಸರ್ಟಿಫಿಕೇಟ್ ಮಾಡಿಸುವಾಗ ಹೆಸರನ್ನು ಅರ್ಜಿದಾರನೇ ಬರೆಯಬೇಕಾಗುತ್ತದೆ. ಒಂದೇ ಸರ್ವರ್‌ಗೆ ನಾಲ್ಕು ವಿಳಾಸಗಳಿರಬಹುದು, ಅವೆಲ್ಲ ಡೈರೆಕ್ಟರಿಗೆ ಗೊತ್ತಿರುವುದಿಲ್ಲ. ಮೊಬೈಲ್ ಫೋನುಗಳನ್ನು ನಿರ್ವಹಿಸುವ ವ್ಯವಸ್ಥೆಗಳಿಗೂ ಇದೇ ಆಯ್ಕೆ ಬೇಕು. ಮೈಕ್ರೋಸಾಫ್ಟ್ ಕೊಡುವ ವೆಬ್ ಸರ್ವರ್ ಟೆಂಪ್ಲೇಟ್‌ನಲ್ಲಿ ಈ ಟಿಕ್ ಇದ್ದೇ ಇರುತ್ತದೆ. ಆದರೆ ಆ ಸರ್ಟಿಫಿಕೇಟ್‌ನಿಂದ ಲಾಗಿನ್ ಆಗಲು ಬರುವುದಿಲ್ಲವಾದ್ದರಿಂದ ಅಪಾಯವಿಲ್ಲ. ಅಡ್ಮಿನ್ ಅದನ್ನು ಕಾಪಿ ಮಾಡಿ, ಯಾವುದೋ ವಿಪಿಎನ್ ಪೆಟ್ಟಿಗೆ ಕೇಳಿತೆಂದು ಲಾಗಿನ್ ಆಗುವ ಶಕ್ತಿಯನ್ನೂ ಸೇರಿಸುತ್ತಾನೆ. ಯಾರಿಗೋ ಎರರ್ ಬಂತೆಂದು ಅರ್ಜಿ ಹಾಕುವ ಹಕ್ಕನ್ನು ಎಲ್ಲರಿಗೂ ಕೊಡುತ್ತಾನೆ. ಒಂದೊಂದೂ ಬಿಡಿಬಿಡಿಯಾಗಿ ನೋಡಿದರೆ ಸರಿಯೇ. ಶುಕ್ರವಾರ ಸಂಜೆ ಹೆಲ್ಪ್‌ಡೆಸ್ಕ್‌ನ ದೂರನ್ನು ಮುಚ್ಚಬೇಕಾದವನಿಗೆ ಮೂರೂ ಸೇರಿದರೆ ಏನಾಗುತ್ತದೆ ಎಂದು ಯೋಚಿಸಲು ಪುರುಸೊತ್ತೆಲ್ಲಿ? ಆ ಪರದೆಯ ಮೇಲೆ ಯಾವ ಕೆಂಪು ಎಚ್ಚರಿಕೆಯೂ ಅವನ ಕೈ ಹಿಡಿದು ನಿಲ್ಲಿಸುತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ ತಪ್ಪಿನ ದೊಡ್ಡ ಪಾಲು ಆ ಪರದೆಯನ್ನು ವಿನ್ಯಾಸ ಮಾಡಿದವರದು.

ಆ ಪ್ರಬಂಧ ಇಂಥ ಎಂಟು ದಾರಿಗಳನ್ನು ತೋರಿಸಿತ್ತು. ಒಂದರಲ್ಲಿ ಟೆಂಪ್ಲೇಟನ್ನು ತಿದ್ದುವ ಹಕ್ಕೇ ಸಾಮಾನ್ಯ ನೌಕರನಿಗೆ ಇರುತ್ತದೆ. ಒಳ್ಳೆಯ ಟೆಂಪ್ಲೇಟನ್ನು ಕೆಡಿಸಿ, ಸರ್ಟಿಫಿಕೇಟ್ ಪಡೆದು, ಮತ್ತೆ ಮೊದಲಿನಂತೆ ಮಾಡಿಟ್ಟು ಹೊರಟರಾಯಿತು. ಎಂಟನೆಯದು ಇನ್ನೂ ಚುರುಕು. ಸರ್ಟಿಫಿಕೇಟ್ ಕೇಳಲು ಬ್ರೌಸರ್‌ನಲ್ಲಿ ತೆರೆಯುವ ಹಳೆಯ ಪುಟವೊಂದು ಅನೇಕ ಕಡೆ ಇದೆ. ಬೇರೊಂದು ಯಂತ್ರ ತನ್ನ ಗುರುತನ್ನು ಸಾಬೀತು ಮಾಡಲು ಕಳಿಸಿದ ಮಾತನ್ನು ಮಧ್ಯದಲ್ಲಿ ಹಿಡಿದು ಈ ಪುಟಕ್ಕೆ ದಾಟಿಸಿದರೆ, ಆ ಯಂತ್ರದ ಹೆಸರಿನಲ್ಲಿ ಸರ್ಟಿಫಿಕೇಟ್ ಬರುತ್ತದೆ. ತುರ್ತು ತಿದ್ದುಪಡಿ ಬಿಡುಗಡೆ ಮಾಡುವಷ್ಟು ದೊಡ್ಡ ವಿಷಯ ಇದಲ್ಲ ಎಂದು ಮೈಕ್ರೋಸಾಫ್ಟ್ ಮೊದಲು ಭಾವಿಸಿತ್ತು. ಅದೇ ವರ್ಷದ ಜುಲೈನಲ್ಲಿ ಫ್ರಾನ್ಸ್‌ನ ಸಂಶೋಧಕ ಜಿಲ್ ಲಿಯೊನೆಲ್ ‘ಪೆಟಿಟ್‌ಪೊಟಾಮ್’ ಎಂಬ ಪುಟ್ಟ ಪ್ರೋಗ್ರಾಂ ಬಿಡುಗಡೆ ಮಾಡಿದರು. ಯಾವ ಖಾತೆಯೂ ಇಲ್ಲದೆ, ಪಾಸ್‌ವರ್ಡೂ ಇಲ್ಲದೆ, ಡೊಮೇನ್ ಕಂಟ್ರೋಲರನ್ನೇ ‘ಇಲ್ಲಿ ಬಂದು ನಿನ್ನ ಗುರುತು ಹೇಳು’ ಎಂದು ಒತ್ತಾಯಿಸಬಲ್ಲ ಉಪಾಯ ಅದು. ಎರಡನ್ನೂ ಜೋಡಿಸಿದರೆ ಡೊಮೇನ್ ಕಂಟ್ರೋಲರ್‌ನ ಹೆಸರಿನಲ್ಲೇ ಸರ್ಟಿಫಿಕೇಟ್ ಕೈಗೆ ಬರುತ್ತಿತ್ತು. ಮೈಕ್ರೋಸಾಫ್ಟ್ ಆಗ ತಡಬಡಿಸಿ ಸೂಚನೆ ಹೊರಡಿಸಿತು, ಆಗಸ್ಟ್‌ನಲ್ಲಿ ಅರ್ಧ ರಿಪೇರಿಯ ಪ್ಯಾಚೂ ಬಂತು.

ಸಾಫ್ಟ್‌ವೇರ್‌ನ ಅಪ್ಪಟ ದೋಷವೂ ಒಂದು ಸಿಕ್ಕಿತು. 2022ರ ಮೇ ತಿಂಗಳಲ್ಲಿ ಡೆನ್ಮಾರ್ಕ್‌ನ ಓಲಿವರ್ ಲ್ಯಾಕ್ ಅದನ್ನು ವಿವರಿಸಿ ‘ಸರ್ಟಿಫ್ರೈಡ್’ ಎಂದು ಹೆಸರಿಟ್ಟರು. ಆಕ್ಟಿವ್ ಡೈರೆಕ್ಟರಿಯಲ್ಲಿ ಯಾವ ಸಾಮಾನ್ಯ ನೌಕರನೂ 10 ಕಂಪ್ಯೂಟರ್ ಖಾತೆಗಳನ್ನು ಸೃಷ್ಟಿಸಬಹುದೆಂಬ ನಿಯಮ ಮೊದಲಿನಿಂದಲೂ ಇದೆ. ಯಾಕೆ ಹತ್ತು, ಯಾಕೆ ಸಾಮಾನ್ಯ ನೌಕರನಿಗೆ ಎಂದು ಕೇಳಿದರೆ ಇವತ್ತಿನ ಅಡ್ಮಿನ್‌ಗಳು ನಗುತ್ತಾರೆ. ಹಾಗೆ ಸೃಷ್ಟಿಸಿದ ಕಂಪ್ಯೂಟರಿಗೆ ಡೊಮೇನ್ ಕಂಟ್ರೋಲರ್‌ನ ಹೆಸರನ್ನೇ ಕೊಟ್ಟು ಸರ್ಟಿಫಿಕೇಟ್ ಕೇಳಿದರೆ ಅದು ಬಂದುಬಿಡುತ್ತಿತ್ತು. ಟೆಂಪ್ಲೇಟ್‌ಗಳೆಲ್ಲ ಸರಿಯಿದ್ದರೂ ಈ ದಾರಿ ತೆರೆದೇ ಇರುತ್ತಿತ್ತು. ಮೇ 10ರಂದು ಪ್ಯಾಚ್ ಬಂತು. ಇನ್ನು ಮುಂದೆ ಬರೀ ಹೆಸರು ನೋಡಿ ನಂಬಬಾರದು, ಪ್ರತಿ ಖಾತೆಗೂ ಇರುವ ಬದಲಾಗದ ಭದ್ರತಾ ಸಂಖ್ಯೆ ಸರ್ಟಿಫಿಕೇಟ್‌ನೊಳಗೆ ಇರಬೇಕು ಎಂಬುದು ಅದರ ಸಾರ. ಆ ಪ್ಯಾಚ್ ಹಾಕಿಕೊಂಡ ಕೆಲವರ ಜಾಲದಲ್ಲಿ ನ್ಯಾಯವಾದ ಲಾಗಿನ್‌ಗಳೂ ನಿಂತುಹೋದವು. ಅದೇ ಕಂತಿನಲ್ಲಿ ಸರಿಪಡಿಸಿದ್ದ ಇನ್ನೊಂದು ದೋಷವನ್ನು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ ‘ಕಡ್ಡಾಯವಾಗಿ ಸರಿಪಡಿಸಿ’ ಎಂಬ ತನ್ನ ಪಟ್ಟಿಯಿಂದ ತಾತ್ಕಾಲಿಕವಾಗಿ ತೆಗೆಯಬೇಕಾಯಿತು. ಡೊಮೇನ್ ಕಂಟ್ರೋಲರ್‌ಗಳಿಗೆ ಈ ಪ್ಯಾಚ್ ಸದ್ಯಕ್ಕೆ ಬೇಡ ಎಂದು ಸರ್ಕಾರಿ ಸಂಸ್ಥೆಯೇ ಹೇಳಿದ್ದು ಅಪರೂಪದ ಸಂಗತಿ.

ಇಷ್ಟೆಲ್ಲದರಲ್ಲಿ ನನಗೆ ಅತ್ಯಂತ ವಿಚಿತ್ರವೆನಿಸಿದ್ದು ಮತ್ತೊಂದು. ಹಳೆಯ ಸಾಫ್ಟ್‌ವೇರ್‌ಗಳಿಗೆ ಕರ್ಬರಾಸ್ ಬರುವುದಿಲ್ಲ, ಅವಕ್ಕೆ ಪಾಸ್‌ವರ್ಡಿನ ಹ್ಯಾಶ್, ಅಂದರೆ ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ ಗುಪ್ತಸಂಖ್ಯೆ, ಬೇಕು. ಸರ್ಟಿಫಿಕೇಟ್ ತೋರಿಸಿ ಒಳಬಂದವನಿಗೆ ತೊಂದರೆಯಾಗದಿರಲಿ ಎಂದು ಡೊಮೇನ್ ಕಂಟ್ರೋಲರ್ ಟಿಕೆಟ್‌ನ ಜೊತೆಗೆ ಆ ಖಾತೆಯ ಹ್ಯಾಶನ್ನೂ ಕೊಟ್ಟುಕಳಿಸುತ್ತದೆ! ಕಳ್ಳನ ಕೈಲಿ ಸರ್ಟಿಫಿಕೇಟ್ ಇದ್ದರೆ, ನೀವು ಪಾಸ್‌ವರ್ಡ್ ಬದಲಿಸಿದ ಮರುಕ್ಷಣ ಅವನು ಹೊಸ ಪಾಸ್‌ವರ್ಡಿನ ಹ್ಯಾಶನ್ನು ನಿಮ್ಮ ಸರ್ವರ್‌ನಿಂದಲೇ ಕೇಳಿ ಪಡೆಯಬಲ್ಲ. ಎಡವಟ್ಟಾದ ಟೆಂಪ್ಲೇಟೂ ಇದಕ್ಕೆ ಬೇಕಿಲ್ಲ. ಮೈಕ್ರೋಸಾಫ್ಟ್ ಮೊದಲಿನಿಂದಲೂ ಕೊಡುವ ‘ಯೂಸರ್’ ಟೆಂಪ್ಲೇಟ್ ಎಲ್ಲ ನೌಕರರಿಗೂ ತೆರೆದಿದೆ, ಅದರಿಂದ ಲಾಗಿನ್ ಆಗಬಹುದು, ಅವಧಿ ಒಂದು ವರ್ಷ. ನೀವು ಕಾಫಿಗೆ ಎದ್ದುಹೋದಾಗ ನಿಮ್ಮ ಕಂಪ್ಯೂಟರಿನಲ್ಲಿ ಕೂತಿರುವ ಮಾಲ್‌ವೇರ್ ನಿಮ್ಮ ಪಾಸ್‌ವರ್ಡ್ ತಿಳಿಯದೆಯೇ ನಿಮ್ಮ ಹೆಸರಿನಲ್ಲಿ ಒಂದು ಸರ್ಟಿಫಿಕೇಟ್ ಮಾಡಿಸಿಟ್ಟುಕೊಳ್ಳಬಹುದು. ರದ್ದು ಮಾಡಲು ಅವಕಾಶವೇನೋ ಇದೆ. ಯಾವುದನ್ನು ರದ್ದು ಮಾಡಬೇಕೆಂದು ಗೊತ್ತಿರಬೇಕಷ್ಟೆ.

ಇನ್ನು ಅಥಾರಿಟಿಯ ಖಾಸಗಿ ಕೀಲಿಯೇ ಕಳುವಾದರೆ ಸರ್ವರನ್ನು ಕೇಳುವ ಅಗತ್ಯವೂ ಇಲ್ಲ. ಕಳ್ಳ ತನ್ನ ಲ್ಯಾಪ್‌ಟಾಪಿನಲ್ಲಿ ಕುಳಿತು ಯಾರ ಹೆಸರಿನಲ್ಲಿ ಬೇಕಾದರೂ ಸರ್ಟಿಫಿಕೇಟ್ ತಯಾರಿಸಬಹುದು. ಗೋಲ್ಡನ್ ಸರ್ಟಿಫಿಕೇಟ್ ಎನ್ನುತ್ತಾರೆ ಇದಕ್ಕೆ. ಅಥಾರಿಟಿಯ ದಾಖಲೆಯಲ್ಲಿ ಅದರ ಸುಳಿವೇ ಇರದ ಕಾರಣ ಹುಡುಕಿ ರದ್ದು ಮಾಡಲೂ ಆಗದು.

ಸಾರ್ವಜನಿಕ ಇಂಟರ್ನೆಟ್ಟಿನಲ್ಲಿ ಸರ್ಟಿಫಿಕೇಟ್ ಕೊಡುವವರ ಮೇಲೆ ಇಡೀ ಲೋಕದ ಕಣ್ಣಿದೆ. 2011ರಲ್ಲಿ ನೆದರ್ಲೆಂಡ್ಸ್‌ನ ಡಿಜಿನೋಟಾರ್ ಕಂಪನಿಗೆ ಹ್ಯಾಕರ್‌ಗಳು ನುಗ್ಗಿ ಗೂಗಲ್ ಹೆಸರಿನಲ್ಲೂ ಸರ್ಟಿಫಿಕೇಟ್ ಮಾಡಿಸಿಕೊಂಡದ್ದು ಬಯಲಾದಾಗ ಬ್ರೌಸರ್‌ಗಳು ಅದನ್ನು ನಂಬುವುದನ್ನೇ ಬಿಟ್ಟವು. ಅದೇ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿಯಾಯಿತು. ನಮ್ಮ ದೇಶಕ್ಕೂ ಆ ಬಿಸಿ ತಟ್ಟಿದೆ. 2014ರ ಜುಲೈನಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರದ, ಅಂದರೆ ಎನ್‌ಐಸಿಯ ಅಥಾರಿಟಿಯಿಂದ ಗೂಗಲ್ ತಾಣಗಳ ಹೆಸರಿನಲ್ಲಿ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಂದಿರುವುದು ಗೂಗಲ್ ಕಣ್ಣಿಗೆ ಬಿತ್ತು. ಮರುದಿನವೇ ಭಾರತದ ಸರ್ಟಿಫೈಯಿಂಗ್ ಅಥಾರಿಟಿಗಳ ನಿಯಂತ್ರಕರು ಎನ್‌ಐಸಿಯ ಅಥಾರಿಟಿ ಸರ್ಟಿಫಿಕೇಟ್‌ಗಳನ್ನೇ ರದ್ದುಪಡಿಸಿದರು. ಕ್ರೋಮ್ ಬ್ರೌಸರ್ ಅಲ್ಲಿಗೇ ಬಿಡದೆ, ಭಾರತದ ಮೂಲ ಅಥಾರಿಟಿಯನ್ನು ಸರ್ಕಾರಿ ತಾಣಗಳೂ ಸೇರಿದಂತೆ ಕೆಲವೇ ವಿಳಾಸಗಳಿಗೆ ಸೀಮಿತಗೊಳಿಸಿತು. ಕಂಪನಿಯೊಳಗಿನ ಅಥಾರಿಟಿಯ ಮೇಲೆ ಇಂಥ ಹೊರಗಿನ ಕಣ್ಣು ಒಂದೂ ಇಲ್ಲ. ಅದು ತಪ್ಪು ಮಾಡಿದರೆ ಹೇಳಲು ಗೂಗಲ್ ಬರುವುದಿಲ್ಲ. ಪೆನ್‌ಟೆಸ್ಟರ್ ಬರಬೇಕು, ಇಲ್ಲವೇ ಕಳ್ಳ ಬರಬೇಕು.

ಕಳ್ಳರು ಬಂದಿದ್ದಾರೆ ಕೂಡ. ರಷ್ಯಾದ ಗುಪ್ತಚರ ವಿಭಾಗದ ಜೊತೆ ತಳುಕು ಹಾಕಿರುವ ಎಪಿಟಿ29 ತಂಡ ರಾಜತಾಂತ್ರಿಕ ಕಚೇರಿಗಳಿಗೆ ಮೋಸದ ಇಮೇಲ್ ಕಳಿಸುತ್ತಿದ್ದುದನ್ನು ಸೈಬರ್ ಭದ್ರತಾ ಸಂಸ್ಥೆ ಮ್ಯಾಂಡಿಯಂಟ್ 2022ರಲ್ಲಿ ವಿವರಿಸಿತು. ತಪ್ಪಾಗಿ ಹೊಂದಿಸಿದ ಟೆಂಪ್ಲೇಟ್‌ಗಳ ಮೂಲಕವೇ ಆ ತಂಡ ಅಡ್ಮಿನ್‌ಗಳ ಹೆಸರಿನಲ್ಲಿ ಸರ್ಟಿಫಿಕೇಟ್ ಪಡೆದಿತ್ತು. ಮೊದಲ ಇಮೇಲ್ ಬಲೆಗೆ ಬಿದ್ದು 12 ಗಂಟೆಯೊಳಗೆ ಡೊಮೇನ್ ಅಡ್ಮಿನ್ ಆಗಿಬಿಟ್ಟ ಉದಾಹರಣೆಗಳೂ ಆ ವರದಿಯಲ್ಲಿವೆ. 2024ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್, ಕೆನಡಾ, ನ್ಯೂಜಿಲೆಂಡ್ ಸರ್ಕಾರಗಳ ಭದ್ರತಾ ಸಂಸ್ಥೆಗಳು ಆಕ್ಟಿವ್ ಡೈರೆಕ್ಟರಿಯ ಮೇಲೆ ನಡೆಯುವ 17 ಬಗೆಯ ದಾಳಿಗಳನ್ನು ಒಟ್ಟಾಗಿ ಪಟ್ಟಿ ಮಾಡಿದಾಗ ಟೆಂಪ್ಲೇಟ್ ದುರ್ಬಳಕೆ, ಗೋಲ್ಡನ್ ಸರ್ಟಿಫಿಕೇಟ್ ಎರಡೂ ಅದರಲ್ಲಿದ್ದವು.

ಹಾಗಾದರೆ ಇದನ್ನೆಲ್ಲ ಬಹಿರಂಗವಾಗಿ ಬರೆದು, ಉಪಕರಣಗಳನ್ನೂ ಮಾಡಿ ಹಂಚಿದ್ದು ಸರಿಯೇ? ಈ ಜಗಳ ಹಳೆಯದು. ಶ್ರೋಡರ್ ಮತ್ತು ಕ್ರಿಸ್ಟೆನ್ಸೆನ್ ಜೂನ್‌ನಲ್ಲಿ ಪ್ರಬಂಧದ ಜೊತೆ ಬಿಟ್ಟದ್ದು ಎಡವಟ್ಟುಗಳನ್ನು ಪತ್ತೆ ಹಚ್ಚುವ ಉಪಕರಣವನ್ನು ಮಾತ್ರ. ದಾಳಿಗೆ ಬಳಸಬಹುದಾದ ‘ಸರ್ಟಿಫೈ’ಯನ್ನು ಆಗಸ್ಟ್‌ನ ಬ್ಲ್ಯಾಕ್ ಹ್ಯಾಟ್ ಸಮಾವೇಶದವರೆಗೆ ತಡೆಹಿಡಿದರು. ರಿಪೇರಿ ಮಾಡಿಕೊಳ್ಳಲು ಕೊಟ್ಟ ಗಡುವು ಅದು. ನ್ಯಾಯವಾದ ನಡೆ ಎಂದೇ ನನ್ನ ತೀರ್ಪು. ಆ ಪ್ರಬಂಧ ಬರದಿದ್ದರೆ ಎಪಿಟಿ29ಕ್ಕೆ ಈ ದಾರಿ ಸಿಗುತ್ತಲೇ ಇರಲಿಲ್ಲ ಎಂದು ನಂಬುವುದು ಭೋಳೆತನ. ಅಡ್ಮಿನ್‌ಗಳಿಗಂತೂ ಸಿಗುತ್ತಿರಲಿಲ್ಲ.

ಬೆಂಗಳೂರಿನ ಕಾಲೇಜುಗಳಲ್ಲಿ ಎಥಿಕಲ್ ಹ್ಯಾಕಿಂಗ್ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಮನೆಯ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಯಂತ್ರಗಳನ್ನು ಹಾಕಿಕೊಂಡು ಇದನ್ನೆಲ್ಲ ಎಷ್ಟು ಬೇಕಾದರೂ ಆಡಿ ನೋಡಬಹುದು. ಬೇರೆಯವರ ಜಾಲದಲ್ಲಿ ಲಿಖಿತ ಅನುಮತಿಯಿಲ್ಲದೆ ಮಾಡಿದರೆ, ಉದ್ದೇಶ ಒಳ್ಳೆಯದೇ ಆಗಿತ್ತು ಎಂದು ವಾದಿಸುವ ಸರದಿ ನಿಮ್ಮದಾಗುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಬೀಳಬಹುದು. ಪೆನ್‌ಟೆಸ್ಟರ್‌ಗೂ ಕಳ್ಳನಿಗೂ ಬಳಸುವ ಉಪಕರಣ ಒಂದೇ. ಆ ಸಹಿ ಮಾಡಿದ ಕಾಗದವೊಂದೇ ವ್ಯತ್ಯಾಸ.

ಕಾನೂನಿನ ಮಾತು ಬಂದದ್ದರಿಂದ ಇನ್ನೊಂದು. ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು ಎಂದು ಭಾರತ ಸರ್ಕಾರದ ಸೈಬರ್ ತುರ್ತು ಸ್ಪಂದನ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿತು. ಒಳ್ಳೆಯದೇ. ಆದರೆ ‘ಯೂಸರ್’ ಸರ್ಟಿಫಿಕೇಟ್‌ನ ಆಯಸ್ಸು ಒಂದು ವರ್ಷ. ಜನವರಿಯಲ್ಲಿ ಮಾಡಿಸಿಕೊಂಡದ್ದನ್ನು ಕಳ್ಳ ಅಕ್ಟೋಬರ್‌ನಲ್ಲಿ ಬಳಸಿದರೆ, ಅದು ಹುಟ್ಟಿದ ದಿನದ ದಾಖಲೆ ಆ ವೇಳೆಗೆ ಅಳಿಸಿಹೋಗಿರಬಹುದು. ಅದಕ್ಕಿಂತ ದೊಡ್ಡ ತಮಾಷೆಯೆಂದರೆ, ಸರ್ಟಿಫಿಕೇಟ್ ಅಥಾರಿಟಿಯಲ್ಲಿ ಆಡಿಟ್ ದಾಖಲೆ ಬರೆಯುವ ಸೌಲಭ್ಯ ಮೊದಲಿನಿಂದ ಆಫ್ ಆಗಿಯೇ ಇರುತ್ತದೆ. ಯಾರಾದರೂ ಹೋಗಿ ಆನ್ ಮಾಡಬೇಕು. ಬರೆಯದೇ ಇದ್ದ ದಾಖಲೆಯನ್ನು 180 ದಿನ ಇಟ್ಟರೇನು, ಸಾವಿರ ದಿನ ಇಟ್ಟರೇನು?

ಸರ್ಟಿಫ್ರೈಡ್‌ಗಾಗಿ ಬಂದ 2022ರ ಪ್ಯಾಚಿನ ಕಟ್ಟುನಿಟ್ಟು 2023ರಲ್ಲೇ ಪೂರ್ತಿ ಜಾರಿಯಾಗಬೇಕಿತ್ತು. ಹಳೆಯ ವ್ಯವಸ್ಥೆಗಳು ಮುರಿದು ಬೀಳುತ್ತವೆಂಬ ಭಯಕ್ಕೆ ಮುಂದಕ್ಕೆ ಹೋಗುತ್ತಾ ಹೋಗಿ 2025ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಆಗಲೂ ಬೇಕಾದವರಿಗೆ ಹಿಂದಿನ ಸ್ಥಿತಿಗೆ ಮರಳುವ ಅವಕಾಶವಿತ್ತು, ಸೆಪ್ಟೆಂಬರ್‌ನಲ್ಲಿ ಅದೂ ಮುಚ್ಚಿತು. ಇನ್ನು ನಿಶ್ಚಿಂತೆ ಎಂದುಕೊಂಡವರಿಗೆ ನಿರಾಸೆ ಕಾದಿದೆ. ನಾವು ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಜನ ಈ ಕಳ್ಳರು. ಹೆಸರನ್ನು ಅರ್ಜಿದಾರನೇ ಬರೆಯಬಹುದಾದ ಕಡೆ ಆ ಭದ್ರತಾ ಸಂಖ್ಯೆಯನ್ನೂ ಅರ್ಜಿದಾರನೇ ಬರೆಯಬಹುದು. ಫೋನುಗಳ ನಿರ್ವಹಣೆಗೆ ಬೇಕೆಂದು ಮೈಕ್ರೋಸಾಫ್ಟೇ ಆ ಜಾಗ ಮಾಡಿಕೊಟ್ಟಿದೆ. ಹಾಗಾಗಿ ಇಎಸ್‌ಸಿ1 ಇನ್ನೂ ಬದುಕಿದೆ. 2024ರ ಅಕ್ಟೋಬರ್‌ನಲ್ಲಿ ಟ್ರಸ್ಟೆಡ್‌ಸೆಕ್ ಸಂಸ್ಥೆಯ ಸಂಶೋಧಕರು ಅತಿ ಹಳೆಯ ಮೊದಲ ಆವೃತ್ತಿಯ ಟೆಂಪ್ಲೇಟ್‌ಗಳಲ್ಲಿ ಮತ್ತೊಂದು ಸಂದು ತೋರಿಸಿದರು. ಲಾಗಿನ್ ಆಗಲು ಬಾರದು ಎಂದು ನಾವು ನಿಶ್ಚಿಂತೆಯಿಂದಿದ್ದ ವೆಬ್ ಸರ್ವರ್ ಟೆಂಪ್ಲೇಟ್ ಕೂಡ ಅದರಲ್ಲಿ ಸೇರಿತ್ತು. ಮುಂದಿನ ತಿಂಗಳು ಅದಕ್ಕೂ ಪ್ಯಾಚ್ ಬಂತು. ಎಂಟರಿಂದ ಶುರುವಾದ ದಾರಿಗಳ ಎಣಿಕೆ 2025ರ ಹೊತ್ತಿಗೆ ಹದಿನಾರಕ್ಕೆ ಮುಟ್ಟಿತ್ತು.

ಪ್ಯಾಚ್ ಬರುವವರೆಗೆ ಕಾಯುವ ಕೆಲಸ ಇದಲ್ಲ. ನಿಮ್ಮ ಕಚೇರಿಯ ಜಾಲ ನಿಮ್ಮ ಜವಾಬ್ದಾರಿಯಾಗಿದ್ದರೆ ಸೋಮವಾರ ಬೆಳಿಗ್ಗೆ ಟೆಂಪ್ಲೇಟ್‌ಗಳ ಪಟ್ಟಿ ತೆರೆದು ನೋಡಿ. ಬಳಕೆಯಲ್ಲಿಲ್ಲದವನ್ನು ಪ್ರಕಟಣೆಯಿಂದ ತೆಗೆಯಿರಿ, ಅರ್ಜಿದಾರನೇ ಹೆಸರು ಬರೆಯುವಂಥವಕ್ಕೆ ಮೇಲಧಿಕಾರಿಯ ಒಪ್ಪಿಗೆ ಕಡ್ಡಾಯ ಮಾಡಿ, ಆಡಿಟ್ ಆನ್ ಮಾಡಿ. ಇದಕ್ಕೆ ಹೊಸ ಸಾಫ್ಟ್‌ವೇರ್ ಕೊಳ್ಳಬೇಕಾಗಿಲ್ಲ, ಪತ್ತೆ ಹಚ್ಚುವ ಉಪಕರಣಗಳು ಉಚಿತವಾಗಿಯೇ ಸಿಗುತ್ತವೆ. ಜೊತೆಗೆ, ಸರ್ಟಿಫಿಕೇಟ್ ಅಥಾರಿಟಿ ಯಾವ ಸರ್ವರ್‌ನಲ್ಲಿದೆ, ಅದಕ್ಕೆ ಲಾಗಿನ್ ಆಗುವ ಹಕ್ಕು ಯಾರ್‍ಯಾರಿಗಿದೆ ಎಂದು ನಿಮ್ಮ ತಂಡದವರನ್ನು ಕೇಳಿ. ಥಟ್ಟನೆ ಉತ್ತರ ಬರದಿದ್ದರೆ ಆ ಸರ್ವರ್‌ನಿಂದಲೇ ಕೆಲಸ ಶುರು ಮಾಡಿ.